ಕೆಲಸಕ್ಕಾಗಿ ಹೊಸ ನಗರಕ್ಕೆ: ಓಡಾಟಕ್ಕೆ ಅನುಕೂಲವಾದ ಉಪನಗರವನ್ನು ಆರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೊಸ ಉದ್ಯೋಗದ ನಿಮಿತ್ತ ಇನ್ನು ಕೆಲವು ವಾರಗಳಲ್ಲಿ ನಾವು ಬೇರೊಂದು ಮಹಾನಗರಕ್ಕೆ ಹೋಗಿ ನೆಲೆಸಬೇಕಾಗಿದೆ. ಅಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ. ನನ್ನ ಕಚೇರಿ ನಗರದ ನಡುಭಾಗದಲ್ಲಿದೆ. ಆ ಸುತ್ತಿನಲ್ಲಿ ನಮ್ಮ ಕೈಗೆಟುಕುವ ಬಾಡಿಗೆಗೆ ತೀರ ಚಿಕ್ಕ ಮನೆಗಳು ಮಾತ್ರ ಸಿಗುತ್ತವೆ. ನಾನು, ಪತ್ನಿ, ಶಾಲೆಗೆ ಹೋಗುವ ಮಗಳು ಮತ್ತು ವಯಸ್ಸಾದ ನನ್ನ ತಾಯಿ, ಹೀಗೆ ನಾಲ್ವರ ಸಂಸಾರವಾದ್ದರಿಂದ ಹೊರವಲಯದ ಉಪನಗರವೊಂದರಲ್ಲಿ ಮನೆ ಮಾಡುವುದೆಂದು ತೀರ್ಮಾನಿಸಿದ್ದೇವೆ. ಅಲ್ಲಿಗೆ ಹೋದ ಮೇಲೆ ಪತ್ನಿಯೂ ಕೆಲಸ ಹುಡುಕುವವರಿದ್ದಾರೆ. ಅವರ ಕಚೇರಿ ಯಾವ ದಿಕ್ಕಿನಲ್ಲಿರುತ್ತದೆ ಎಂಬುದನ್ನು ಈಗಲೇ ಹೇಳುವಂತಿಲ್ಲ.

ನಕ್ಷೆಯನ್ನು ನೋಡಿ ಮೂರು ಬಡಾವಣೆಗಳನ್ನು ಗುರುತು ಮಾಡಿಕೊಂಡಿದ್ದೇನೆ. ಮೊದಲನೆಯದು ಕಚೇರಿಯಿಂದ 12 ಕಿಲೋಮೀಟರ್ ದೂರದಲ್ಲಿದೆ, ಆದರೆ ಅಲ್ಲಿಗೆ ರೈಲು ಇಲ್ಲ. ಬಸ್ಸಿನಲ್ಲಿ ಅಥವಾ ಸ್ವಂತ ವಾಹನದಲ್ಲಿ ಹೋಗಬೇಕು. ಎರಡನೆಯದು 22 ಕಿಲೋಮೀಟರ್. ಉಪನಗರ ರೈಲಿನ ನಿಲ್ದಾಣವಿದೆ, ಆದರೆ ಬಾಡಿಗೆಗಿರುವ ಮನೆಗಳೆಲ್ಲ ನಿಲ್ದಾಣದಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿವೆ. ಮೂರನೆಯದು 31 ಕಿಲೋಮೀಟರ್. ಅದೇ ಮಾರ್ಗದ ಕೊನೆಯ ನಿಲ್ದಾಣ, ಮನೆಗಳು ನಿಲ್ದಾಣದ ಪಕ್ಕದಲ್ಲೇ ಇವೆ. ಮೂರೂ ಕಡೆಯ ದಲ್ಲಾಳಿಗಳು ಮುಕ್ಕಾಲು ಗಂಟೆಯಲ್ಲಿ ಕಚೇರಿ ಸೇರಬಹುದೆಂದು ಒಂದೇ ಸಮನೆ ಹೇಳುತ್ತಿದ್ದಾರೆ. ಇವುಗಳನ್ನು ಒಂದೇ ಅಳತೆಗೋಲಿನಿಂದ ತೂಗಿ ನೋಡುವ ಬಗೆ ಯಾವುದು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಮೊದಲ ಉತ್ತರ

ಮಾನ್ಯರೇ, ನಾನು ನಗರ ಸಾರಿಗೆ ಯೋಜನೆಯ ಕ್ಷೇತ್ರದಲ್ಲಿ ಕೆಲಸ ಮಾಡುವವನು. ನಿಮ್ಮ ಪಟ್ಟಿಯಲ್ಲಿರುವ ಕಿಲೋಮೀಟರುಗಳನ್ನು ಮೊದಲು ಅಳಿಸಿಬಿಡಿ ಎಂದು ವಿನಂತಿಸುತ್ತೇನೆ. ಅವುಗಳ ಜಾಗದಲ್ಲಿ ಮನೆಯ ಬಾಗಿಲಿಗೆ ಬೀಗ ಹಾಕಿದ ಕ್ಷಣದಿಂದ ಕಚೇರಿಯ ಕುರ್ಚಿಯಲ್ಲಿ ಕೂರುವವರೆಗಿನ ನಿಮಿಷಗಳನ್ನು ಬರೆಯಿರಿ. ದಲ್ಲಾಳಿಗಳು ಹೇಳುವ ಸಮಯ ಸಾಮಾನ್ಯವಾಗಿ ರೈಲಿನೊಳಗಿನ ಸಮಯ, ಇಲ್ಲವೇ ಖಾಲಿ ರಸ್ತೆಯ ಸಮಯ.

ನಿಮ್ಮ ಎರಡನೆಯ ಬಡಾವಣೆಯನ್ನೇ ತೆಗೆದುಕೊಳ್ಳೋಣ. ಮನೆಯಿಂದ ನಿಲ್ದಾಣಕ್ಕೆ ಫೀಡರ್ ಬಸ್ಸಿಗಾಗಿ ಕಾಯುವುದೂ ಸೇರಿ 20 ನಿಮಿಷ ಎನ್ನೋಣ. ಹತ್ತು ನಿಮಿಷಕ್ಕೊಂದು ರೈಲು ಇದ್ದರೆ, ವೇಳಾಪಟ್ಟಿ ನೋಡದೆ ಹೋಗುವವರು ಸರಾಸರಿ ಅದರ ಅರ್ಧದಷ್ಟು, ಅಂದರೆ 5 ನಿಮಿಷ, ಕಾಯಬೇಕಾಗುತ್ತದೆ. ರೈಲಿನಲ್ಲಿ 35 ನಿಮಿಷ, ಇಳಿದ ಮೇಲೆ ಸುಮಾರು 800 ಮೀಟರ್ ನಡಿಗೆಗೆ 10 ನಿಮಿಷ. ಒಟ್ಟು 70 ನಿಮಿಷ. ಮೂರನೆಯ ಬಡಾವಣೆಯಲ್ಲಿ ನಿಲ್ದಾಣಕ್ಕೆ 8 ನಿಮಿಷ ನಡಿಗೆ, 5 ನಿಮಿಷ ಕಾಯುವಿಕೆ, ರೈಲಿನಲ್ಲಿ 48, ಕೊನೆಯಲ್ಲಿ ಅದೇ 10, ಒಟ್ಟು 71. ಒಂಬತ್ತು ಕಿಲೋಮೀಟರ್ ಹೆಚ್ಚು ದೂರವಿದ್ದರೂ ಸಮಯದಲ್ಲಿ ವ್ಯತ್ಯಾಸವೇ ಇಲ್ಲ. ಒಮ್ಮೆ ವಾಹನ ಬದಲಿಸುವುದು ತಪ್ಪುತ್ತದೆ, ರೈಲು ಅಲ್ಲಿಂದಲೇ ಹೊರಡುವುದರಿಂದ ಬೆಳಿಗ್ಗೆ ಕೂರಲು ಸೀಟೂ ಸಿಗುತ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಮಾರ್ಗದ ನಿಜವಾದ ಅಂಕಿಗಳನ್ನು ಹಾಕಿ ನೋಡಿ. ನಮ್ಮ ಕ್ಷೇತ್ರದಲ್ಲಿ ಲೆಕ್ಕ ಹಾಕುವಾಗ ಕಾಯುವ ಮತ್ತು ನಡೆಯುವ ಒಂದು ನಿಮಿಷವನ್ನು ವಾಹನದೊಳಗಿನ ಸುಮಾರು ಎರಡು ನಿಮಿಷಗಳಿಗೆ ಸಮವೆಂದು ಹಿಡಿಯುವ ರೂಢಿಯಿದೆ, ಏಕೆಂದರೆ ಪ್ರಯಾಣಿಕರು ಅದನ್ನು ಅಷ್ಟು ಭಾರವಾಗಿ ಅನುಭವಿಸುತ್ತಾರೆ. ವಾಹನ ಬದಲಿಸುವುದಕ್ಕೂ ಅದರದೇ ಆದ ಹೊರೆಯಿದೆ: ಒಂದು ಕೊಂಡಿ ತಪ್ಪಿದರೆ ಮುಂದಿನವೆಲ್ಲ ತಪ್ಪುತ್ತವೆ.

ಮೊದಲ ಬಡಾವಣೆಯ ಕಥೆ ಬೇರೆ. ಅಲ್ಲಿ ನೋಡಬೇಕಾದದ್ದು ಸರಾಸರಿಯನ್ನಲ್ಲ, ಏರುಪೇರನ್ನು. ರಸ್ತೆಯ ಸಾಮರ್ಥ್ಯ ತುಂಬುತ್ತ ಬಂದಂತೆ ಸ್ವಲ್ಪವೇ ವಾಹನಗಳು ಹೆಚ್ಚಾದರೂ ವಿಳಂಬ ಬಹಳವಾಗಿ ಬೆಳೆಯುತ್ತದೆ. ಒಂದು ಮಳೆ, ಒಂದು ಅಪಘಾತ, ಕೆಟ್ಟು ನಿಂತ ಒಂದು ಲಾರಿ ಸಾಕು. ಅಮೆರಿಕದ ಹೆದ್ದಾರಿ ಆಡಳಿತ ಇದನ್ನು ಅಳೆಯಲು ಬಳಸುವ ವಿಧಾನ ನಮಗೂ ಉಪಯುಕ್ತ: 20 ಪ್ರಯಾಣಗಳಲ್ಲಿ 19ರಲ್ಲಿ ಹೊತ್ತಿಗೆ ಸರಿಯಾಗಿ ತಲುಪಬೇಕಾದರೆ ಎಷ್ಟು ಸಮಯ ಕೈಯಲ್ಲಿಟ್ಟುಕೊಂಡು ಹೊರಡಬೇಕು? ತಿಂಗಳಿಗೆ ಸುಮಾರು ಒಂದು ದಿನ ಮಾತ್ರ ತಡವಾಗುವ ಲೆಕ್ಕ ಅದು. ಸರಾಸರಿ 45 ನಿಮಿಷದ ರಸ್ತೆಗೆ ಪ್ರತಿದಿನ 75 ನಿಮಿಷ ಮೊದಲೇ ಹೊರಡಬೇಕಾಗುವಂತಿದ್ದರೆ ನಿಮ್ಮ ಪಾಲಿಗೆ ಅದು 75 ನಿಮಿಷದ ರಸ್ತೆಯೇ.

"ಮೇಲ್ಸೇತುವೆ ಬರುತ್ತಿದೆ, ಆಮೇಲೆ ಎಲ್ಲ ಸರಿಹೋಗುತ್ತದೆ" ಎಂಬ ಮಾತನ್ನೂ ನೀವು ಕೇಳುವಿರಿ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ ಅವರು 1962ರಲ್ಲಿಯೇ ತೋರಿಸಿಕೊಟ್ಟಂತೆ, ನಗರದ ದಟ್ಟಣೆಯ ಹೊತ್ತಿನಲ್ಲಿ ಹೊಸ ರಸ್ತೆ ಮತ್ತೆ ತುಂಬಿಕೊಳ್ಳುತ್ತದೆ: ಬೇರೆ ದಾರಿಯಲ್ಲಿದ್ದವರು, ಬೇರೆ ಹೊತ್ತಿಗೆ ಹೊರಡುತ್ತಿದ್ದವರು, ಬಸ್ಸು ರೈಲುಗಳಲ್ಲಿದ್ದವರು ಆ ರಸ್ತೆಗೇ ಬಂದು ಸೇರುತ್ತಾರೆ. ಇನ್ನೂ ಕಟ್ಟುತ್ತಿರುವ ಸೌಕರ್ಯವನ್ನು ನಂಬಿ ಮನೆ ಹಿಡಿಯಬೇಡಿ, ಅದು ರೈಲು ಮಾರ್ಗವಾದರೂ ಅಷ್ಟೆ.

ಎರಡನೆಯ ಉತ್ತರ

ಮೇಲಿನ ಲೆಕ್ಕ ಸರಿಯಾಗಿದೆ, ಆದರೆ ಅದು ಬೆಳಗಿನ ಲೆಕ್ಕ ಮಾತ್ರ. ಮನೆಯನ್ನೂ ಕಚೇರಿಯನ್ನೂ ಒಟ್ಟಿಗೆ ತೂಗಿಸುವ ನನ್ನಂಥ ಹೆಣ್ಣುಮಕ್ಕಳಿಗೆ ಸಂಜೆಯ ಲೆಕ್ಕ ಅದಕ್ಕಿಂತ ಮುಖ್ಯವಾಗಿರುತ್ತದೆ. ನಿಮ್ಮ ಪತ್ನಿಯವರ ಪರವಾಗಿ ಇದನ್ನು ಬರೆಯುತ್ತಿದ್ದೇನೆ ಎಂದೇ ತಿಳಿಯಿರಿ.

ಸಂಜೆ ಕೆಲಸ ಮುಗಿಯುವ ಹೊತ್ತನ್ನು ನಾವು ನಿರ್ಧರಿಸಲಾಗುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷಕ್ಕೊಂದು ಇದ್ದ ರೈಲು ರಾತ್ರಿ ಎಂಟೂವರೆಯ ನಂತರ ಅರ್ಧ ಗಂಟೆಗೊಂದು ಆಗಬಹುದು, ಫೀಡರ್ ಬಸ್ಸು ನಿಂತೇ ಹೋಗಬಹುದು. ಕೊನೆಯ ರೈಲು ಎಷ್ಟು ಹೊತ್ತಿಗೆ, ರಜಾದಿನಗಳಲ್ಲಿ ವೇಳಾಪಟ್ಟಿ ಹೇಗೆ, ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ಕತ್ತಲಾದ ಮೇಲೆ ದೀಪಗಳೂ ಜನರೂ ಇರುತ್ತಾರೆಯೇ ಎಂಬುದನ್ನು ಮನೆಯೊಳಗಿನ ಕೋಣೆಗಳನ್ನು ನೋಡುವ ಮೊದಲೇ ವಿಚಾರಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಹತ್ತು ನಿಮಿಷದ ಹಿತವಾದ ದಾರಿಯಂತೆ ಕಂಡದ್ದು ರಾತ್ರಿ ಒಬ್ಬಂಟಿಯಾಗಿ ನಡೆಯಲಾಗದ ದಾರಿಯಾಗಿರಬಹುದು.

ಇನ್ನೊಂದು ಮಾತು. ನಿಮ್ಮ ಸಂಸಾರದಲ್ಲಿ ಓಡಾಡುವವರು ನೀವೊಬ್ಬರೇ ಅಲ್ಲ. ಮಗಳಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಕರೆ ಬಂದರೆ ಯಾರು ಎಷ್ಟು ಹೊತ್ತಿಗೆ ಅಲ್ಲಿರಬಲ್ಲರು? ನಿಮ್ಮ ತಾಯಿಯವರು ಯಾರ ನೆರವೂ ಇಲ್ಲದೆ ಔಷಧದ ಅಂಗಡಿಗೆ, ವೈದ್ಯರ ಬಳಿಗೆ, ಸಂಜೆ ನಾಲ್ಕು ಜನರನ್ನು ಕಂಡು ಮಾತಾಡುವ ಜಾಗಕ್ಕೆ ನಡೆದು ಹೋಗಬಲ್ಲರೆ? ಹೊರವಲಯದಲ್ಲಿ ಎಷ್ಟೋ ಹಿರಿಯರು ದೊಡ್ಡ ಮನೆಯೊಳಗೆ ದಿನವಿಡೀ ಒಂಟಿಯಾಗಿ ಕುಳಿತಿರುವುದನ್ನು ನೋಡಿದರೆ ಸಂಕಟವಾಗುತ್ತದೆ. ಕಚೇರಿಗೆ ಹೋಗುವವರ ಅನುಕೂಲಕ್ಕಾಗಿ ಮನೆಯಲ್ಲಿರುವವರ ಓಡಾಟವನ್ನು ಬಲಿಕೊಡಬೇಡಿ.

ಮೂರನೆಯ ಉತ್ತರ

ನಾನು ನಿಮ್ಮ ಪ್ರಶ್ನೆಯ ಬುಡವನ್ನೇ ಸ್ವಲ್ಪ ಅಲುಗಾಡಿಸಬೇಕಾಗಿದೆ, ಅನ್ಯಥಾ ಭಾವಿಸಬಾರದು. ಒಂದು ದಿಕ್ಕಿಗೆ 70 ನಿಮಿಷ ಎಂಬುದನ್ನು ಒಪ್ಪಿಕೊಂಡೇ ಮಾತು ಮುಂದುವರಿಯುತ್ತಿದೆ. ಅದು ದಿನಕ್ಕೆ 2 ಗಂಟೆ 20 ನಿಮಿಷ. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಅವರು 1994ರಲ್ಲಿ, ಯಾಕೋವ್ ಝಹಾವಿ ಅವರ ಹಿಂದಿನ ಅಧ್ಯಯನಗಳನ್ನು ಆಧರಿಸಿ, ಬೇರೆ ಬೇರೆ ಕಾಲದ ಬೇರೆ ಬೇರೆ ನಗರಗಳ ಜನರು ದಿನದ ಓಡಾಟಕ್ಕೆಂದು ಕೊಡುವ ಸಮಯ ಒಟ್ಟಾರೆ ಒಂದು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ ಎಂದು ವಾದಿಸಿದರು. ಅದರ ಎರಡರಷ್ಟಕ್ಕಿಂತ ಹೆಚ್ಚನ್ನು ಕೊಡಬೇಕಾದಾಗ ಆ ಸಮಯ ನಿದ್ರೆಯಿಂದಲೋ ಮಕ್ಕಳ ಜೊತೆಯಿಂದಲೋ ಬರಬೇಕು. ಅದಕ್ಕೆ ಬೇರೆ ಮೂಲವಿಲ್ಲ.

ದೊಡ್ಡ ಮನೆ ಸಿಕ್ಕರೆ ದೂರದ ಕಷ್ಟ ಸರಿದೂಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿದ್ದ ಅರ್ಥಶಾಸ್ತ್ರಜ್ಞರಾದ ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೋ ಫ್ರೈ ಅವರು ಜರ್ಮನಿಯ ಕುಟುಂಬಗಳ ದೀರ್ಘಕಾಲದ ಸಮೀಕ್ಷೆಯನ್ನು ಪರಿಶೀಲಿಸಿದಾಗ ಕಂಡದ್ದು ಬೇರೆ: ದೂರದಿಂದ ಓಡಾಡುವವರು ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿಯನ್ನೇ ಹೇಳಿಕೊಂಡಿದ್ದರು. ಮನೆ ವಿಶಾಲವಾಗಿರುವುದಕ್ಕೆ ನಾವು ಬೇಗ ಹೊಂದಿಕೊಂಡುಬಿಡುತ್ತೇವೆ. ದಿನಕ್ಕೊಂದು ಬಗೆಯಾಗಿ ಕಾಡುವ ದಟ್ಟಣೆಗೆ ಹೊಂದಿಕೊಳ್ಳುವುದು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಹಣದ ಲೆಕ್ಕವನ್ನೂ ಬಾಡಿಗೆಗಷ್ಟೇ ನಿಲ್ಲಿಸಬೇಡಿ. ಶಿಕಾಗೋದ ಸೆಂಟರ್ ಫಾರ್ ನೈಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆ 2006ರಿಂದ ವಸತಿ ಮತ್ತು ಸಾರಿಗೆಯ ವೆಚ್ಚಗಳೆರಡನ್ನೂ ಕೂಡಿಸಿ ನೋಡುತ್ತ ಬಂದಿದೆ. ಎರಡೂ ಸೇರಿ ಕುಟುಂಬದ ಆದಾಯದ ಶೇಕಡಾ 45ನ್ನು ಮೀರಬಾರದು ಎಂಬುದು ಅದರ ಅಳತೆ. ಹೊರಗೆ ಹೋದಂತೆ ಬಾಡಿಗೆ ಇಳಿಯುತ್ತದೆ, ನಿಜ. ಆದರೆ ಎರಡನೆಯ ವಾಹನ ಅನಿವಾರ್ಯವಾದರೆ ಅದರ ಕಂತು, ವಿಮೆ, ಇಂಧನ, ದುರಸ್ತಿ, ಪಾರ್ಕಿಂಗ್ ಎಲ್ಲವೂ ಸೇರಿ ಆ ಉಳಿತಾಯವನ್ನು ನುಂಗಿಬಿಡಬಹುದು.

ಆದ್ದರಿಂದ ಮೂರರಲ್ಲಿ ಒಂದನ್ನು ಆರಿಸುವ ಬದಲು ನಾಲ್ಕನೆಯದನ್ನು ಹುಡುಕಿ. ಅದೇ ಮಾರ್ಗದಲ್ಲಿ ಕಚೇರಿಯ ಹತ್ತಿರದ ನಿಲ್ದಾಣದಿಂದ ರೈಲಿನಲ್ಲಿ 20–25 ನಿಮಿಷದ ಅಳವಿನಲ್ಲಿರುವ ಪ್ರತಿ ನಿಲ್ದಾಣವನ್ನೂ ಗುರುತಿಸಿ, ಅದರ ಸುತ್ತ 800 ಮೀಟರ್ ಒಳಗೆ ಸ್ವಲ್ಪ ಚಿಕ್ಕದಾದ ಮನೆ ಸಿಗುತ್ತದೆಯೇ ನೋಡಿ. ನಡಿಗೆ, ಕಾಯುವಿಕೆ ಎಲ್ಲ ಸೇರಿ ಒಂದು ದಿಕ್ಕಿಗೆ 70ರ ಬದಲು 45 ನಿಮಿಷವಾದರೆ, 22 ಕೆಲಸದ ದಿನಗಳ ತಿಂಗಳಿನಲ್ಲಿ ನಿಮಗೆ 18 ಗಂಟೆಗೂ ಹೆಚ್ಚು ಸಮಯ ಉಳಿಯುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಪತ್ನಿಗೂ ತಾಯಿಗೂ ಓದಿ ಹೇಳಿದೆ. ಒಂದು ಕೋಣೆ ಕಡಿಮೆಯಾದರೂ ಚಿಂತೆಯಿಲ್ಲ, ನಡೆದುಹೋಗುವ ದೂರದಲ್ಲಿ ವೈದ್ಯರಿರಲಿ ಎಂದು ತಾಯಿಯೇ ಹೇಳಿದರು. ಹಾಗಾಗಿ ಮಾರ್ಗದ ನಡುವಿನ ನಿಲ್ದಾಣಗಳ ಸುತ್ತ ಹುಡುಕಲು ಆರಂಭಿಸುತ್ತಿದ್ದೇವೆ. ಆದರೆ ಅಲ್ಲಿಗೆ ಹೋಗುವ ಮೊದಲು, ಇಲ್ಲಿಂದಲೇ ಇವನ್ನೆಲ್ಲ ಪರೀಕ್ಷಿಸುವುದು ಎಷ್ಟರಮಟ್ಟಿಗೆ ಸಾಧ್ಯ? ಪತ್ನಿಯ ಕೆಲಸದ ಸ್ಥಳ ಗೊತ್ತಿಲ್ಲದಿರುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಹೇಗೆ?

ಮೊದಲ ಉತ್ತರ ಬರೆದವರಿಂದ

ಬಹಳಷ್ಟು ಸಾಧ್ಯ. ನಕ್ಷೆಯ ಆ್ಯಪ್‌ನಲ್ಲಿ ಈಗಿನ ಸಮಯವನ್ನು ನೋಡುವ ಬದಲು, ಕೆಲಸದ ದಿನವೊಂದರಲ್ಲಿ ಇಂತಿಷ್ಟು ಗಂಟೆಗೆ ಕಚೇರಿ ತಲುಪಬೇಕು ಎಂದು ಕೊಟ್ಟು ನೋಡಿ. ರಸ್ತೆ ಪ್ರಯಾಣಕ್ಕೆ ಆ್ಯಪ್ ಒಂದೇ ಅಂಕಿಯನ್ನು ಕೊಡದೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಕೊಟ್ಟರೆ ಗರಿಷ್ಠವನ್ನೇ ಬರೆದುಕೊಳ್ಳಿ. ಅದರ ಜೊತೆಗೆ ಕೆಲವು ದಿನ ಬೆಳಿಗ್ಗೆಯೂ ಸಂಜೆಯೂ ಅದೇ ಹೊತ್ತಿಗೆ ಅಲ್ಲಿನ ನೇರ ಸ್ಥಿತಿಯನ್ನು ನೋಡಿ ಟಿಪ್ಪಣಿ ಮಾಡಿ. ಶಾಲೆಗಳಿಗೆ ರಜೆಯಿರುವ ವಾರಗಳನ್ನು ಬಿಡಿ; ಆಗ ರಸ್ತೆಗಳು ಇರುವುದಕ್ಕಿಂತ ಒಳ್ಳೆಯವಾಗಿ ಕಾಣುತ್ತವೆ.

ನಡುವಿನ ನಿಲ್ದಾಣಗಳ ಬಗ್ಗೆ ಒಂದು ಎಚ್ಚರಿಕೆ. ವೇಗದ ರೈಲುಗಳು ಎಲ್ಲ ಕಡೆಯೂ ನಿಲ್ಲುವುದಿಲ್ಲ; ಪಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದಕ್ಕೆ ಇನ್ನೊಂದರ ಅರ್ಧದಷ್ಟೇ ರೈಲುಗಳಿರಬಹುದು. ನಗರ ಸಮೀಪಿಸಿದಂತೆ ಡಬ್ಬಿಗಳು ಮೊದಲೇ ತುಂಬಿರುತ್ತವೆ, ಕೂರುವುದಿರಲಿ, ಹತ್ತುವುದೇ ಕಷ್ಟವಾಗಬಹುದು. ಇದು ನಕ್ಷೆಯಲ್ಲಿ ಕಾಣುವುದಿಲ್ಲ. ಕೆಲಸದ ದಿನ ಬೆಳಿಗ್ಗೆ ಆ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಮುಂಗಡ ಕೊಡುವ ಮೊದಲು ಮಾಡಲೇಬೇಕಾದ ಕೆಲಸ ಇದೊಂದೇ.

ಪತ್ನಿಯವರ ವಿಷಯದಲ್ಲಿ, ಎರಡು ಮಾರ್ಗಗಳು ಕೂಡುವ ನಿಲ್ದಾಣದ ಹತ್ತಿರ ಮನೆ ಸಿಕ್ಕರೆ ಉತ್ತಮ. ಒಂದೇ ಮಾರ್ಗದ ತುದಿಯಲ್ಲಿದ್ದರೆ ಮುಂದಿನ ಪ್ರತಿ ಉದ್ಯೋಗವೂ ಅದೇ ದಿಕ್ಕಿನಲ್ಲಿರಬೇಕಾಗುತ್ತದೆ; ಕೂಡುದಾಣದಲ್ಲಿದ್ದರೆ ನಾಲ್ಕು ದಿಕ್ಕೂ ತೆರೆದಿರುತ್ತವೆ. ನಗರದಿಂದ ಹೊರಗಿನ ಕಡೆಗೆ ಹೋಗುವ ಕೆಲಸ ಸಿಕ್ಕರಂತೂ ಬೆಳಗಿನ ರೈಲುಗಳು ಅವರಿಗೆ ಬಹುಮಟ್ಟಿಗೆ ಖಾಲಿಯಾಗಿ ಸಿಗುತ್ತವೆ.

ನಾಲ್ಕನೆಯ ಉತ್ತರ

ಎಲ್ಲ ಸಲಹೆಗಳೂ ಒಳ್ಳೆಯವು. ನಾನು ಸೇರಿಸುವುದು ಕರಾರಿನ ಬಗ್ಗೆ ಮಾತ್ರ. ಎಷ್ಟೇ ಪರೀಕ್ಷಿಸಿದರೂ ಒಂದು ಊರಿನ ಓಡಾಟ ನಿಜವಾಗಿ ತಿಳಿಯುವುದು ಅಲ್ಲಿ ಕೆಲವು ತಿಂಗಳು ಬದುಕಿದ ಮೇಲೆಯೇ. ಆದ್ದರಿಂದ ಮೊದಲ ಮನೆಯನ್ನು ಆದಷ್ಟು ಕಡಿಮೆ ಅವಧಿಯ ಕರಾರಿಗೆ ಹಿಡಿಯಿರಿ. ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ದಿನದ ಮುನ್ಸೂಚನೆ ಕೊಡಬೇಕು, ಮುಂಗಡದಲ್ಲಿ ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಬಾಯಿಮಾತಿಗೆ ಬಿಡದೆ ಕರಾರುಪತ್ರದಲ್ಲಿ ಬರೆಸಿಕೊಳ್ಳಿ. ಕಚೇರಿಯವರು ಮೊದಲ ವಾರಗಳಿಗೆ ತಾತ್ಕಾಲಿಕ ವಸತಿ ಕೊಡುವುದಾದರೆ ಸಂಕೋಚಪಡದೆ ಕೇಳಿ ಪಡೆಯಿರಿ. ಆ ಅವಧಿಯಲ್ಲಿ ನೀವು ಮೊದಲೇ ಹೋಗಿ ಒಂದೊಂದು ನಿಲ್ದಾಣವನ್ನೂ ಕಣ್ಣಾರೆ ನೋಡಿ ಬರಬಹುದು.

ಮಗಳ ಶಾಲೆಯನ್ನು ಮಾತ್ರ ಮನೆಗಿಂತ ಹೆಚ್ಚು ಸ್ಥಿರವಾದದ್ದೆಂದು ಭಾವಿಸಿ ಆರಿಸಿ. ಮನೆ ಬದಲಾಯಿಸಿದಾಗಲೆಲ್ಲ ಶಾಲೆಯನ್ನೂ ಬದಲಾಯಿಸುವುದು ಮಗುವಿಗೆ ಬಹಳ ಭಾರ. ನೀವು ನೋಡುತ್ತಿರುವ ಎರಡು ಮೂರು ನಿಲ್ದಾಣಗಳಲ್ಲಿ ಯಾವುದರಿಂದ ಹೊರಟರೂ ಸುಲಭವಾಗಿ ತಲುಪಬಹುದಾದ ಶಾಲೆ ಇದೆಯೇ ಎಂದು ವಿಚಾರಿಸಿ, ಅದರ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂಬ ಪಟ್ಟಿಯನ್ನು ಪ್ರವೇಶಕ್ಕೆ ಮೊದಲೇ ಕೇಳಿ ಪಡೆಯಿರಿ.