ಪವರ್ ಕೇಬಲ್ ಬದಲಿಸಿದರೆ ಹಾಡು ಚೆನ್ನಾಗಿ ಕೇಳಿಸುತ್ತದಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯರು):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗೆ, ತೋಟದ ಪಕ್ಕದಲ್ಲಿದೆ. ಅಡಿಕೆಗೆ ಒಳ್ಳೆ ರೇಟು ಸಿಕ್ಕ ವರ್ಷ ಬಹಳ ದಿನದ ಆಸೆ ತೀರಿಸಿಕೊಂಡೆ. 50 ವಾಟ್‌ನ ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ದೊಡ್ಡ ಸ್ಪೀಕರ್ ತಂದೆ. ಹಿಂದೂಸ್ತಾನಿ ಗಾಯನ, ಯಕ್ಷಗಾನದ ಪದ್ಯ, ಹಳೆಯ ಭಾವಗೀತೆ ಎಲ್ಲ ಕೇಳುತ್ತೇನೆ.

ಎರಡು ತೊಂದರೆ ಇದೆ. ಹಾಡು ನಿಂತಾಗ ಸ್ಪೀಕರಿನಲ್ಲಿ ಗುಂಯ್ ಅಂತ ಶಬ್ದ ಬರುತ್ತದೆ. ಸಂಜೆ ಹೊತ್ತು ಸ್ವಲ್ಪ ಜೋರಾಗಿ ಇಟ್ಟರೆ ಮದ್ದಲೆಯ ಪೆಟ್ಟು ಒಡೆದ ಹಾಗೆ ಕೇಳುತ್ತದೆ. ಬೆಳಿಗ್ಗೆ ಅಷ್ಟೇ ಜೋರಾಗಿ ಇಟ್ಟರೂ ಏನೂ ಆಗುವುದಿಲ್ಲ. ಅಂಗಡಿಯವರನ್ನು ಕೇಳಿದೆ. ಸೆಟ್ಟಿನ ಜೊತೆ ಬಂದ ಪವರ್ ಕೇಬಲ್ ಸಾಧಾರಣದ್ದು, 18,000 ರೂಪಾಯಿಯ ಒಂದು ಕೇಬಲ್ ಮತ್ತು ಪವರ್ ಕಂಡಿಷನರ್ (ಕರೆಂಟಿನ ಗದ್ದಲ ಸೋಸುವ ಪೆಟ್ಟಿಗೆ) ಹಾಕಿ, ಬಾಸ್ ಬಿಗಿಯಾಗುತ್ತದೆ ಅಂದರು. ದುಡ್ಡು ಹೇಗೋ ಹೊಂದಿಸಬಹುದು. ಆದರೆ ನಿಜವಾಗಿ ಉಪಯೋಗ ಇದೆಯಾ?

ಉತ್ತರ (ಶಿವಮೊಗ್ಗದಲ್ಲಿ ಆಡಿಯೋ ರಿಪೇರಿ ಮಾಡುವವರು):

ಸದ್ಯಕ್ಕೆ ಏನೂ ಕೊಳ್ಳಬೇಡಿ. ಮೊದಲು ಮೂರು ವಿಷಯ ಹೇಳಿ. ಆಂಪ್ಲಿಫೈಯರ್‌ಗೆ ಟಿವಿ ಅಥವಾ ಡಿಶ್ ಬಾಕ್ಸ್ ಜೋಡಿಸಿದ್ದೀರಾ? ವಾಲ್ಯೂಮ್ ಪೂರ್ತಿ ಕಡಿಮೆ ಮಾಡಿದರೂ ಆ ಶಬ್ದ ಇರುತ್ತದಾ? ಸಂಜೆ ಮನೆಯಲ್ಲಿ ಎಷ್ಟು ವೋಲ್ಟ್ ಬರುತ್ತದೆ?

ಪ್ರಶ್ನೆ ಕೇಳಿದವರು:

ಡಿಶ್ ಬಾಕ್ಸ್, ಟಿವಿ ಎರಡೂ ಜೋಡಿಸಿದ್ದೇನೆ ಸರ್. ವಾಲ್ಯೂಮ್ ಕಡಿಮೆ ಮಾಡಿದರೆ ಶಬ್ದವೂ ಕಡಿಮೆ ಆಗುತ್ತದೆ. ವೋಲ್ಟ್ ನೋಡಿಲ್ಲ. ಆದರೆ ಸಂಜೆ ಆರರ ಮೇಲೆ ಬಲ್ಬು ಮಂಕಾಗುವುದು, ಫ್ಯಾನ್ ನಿಧಾನ ಆಗುವುದು ಇದ್ದದ್ದೇ.

ಉತ್ತರ:

ಹಾಗಾದರೆ ನಿಮ್ಮ ಎರಡು ತೊಂದರೆಗೂ ಎರಡು ಬೇರೆ ಕಾರಣ ಇದೆ ಅನ್ನಿಸುತ್ತದೆ. ಎರಡೂ ಆ ಕೇಬಲ್‌ನಿಂದ ಸರಿಹೋಗುವುದಿಲ್ಲ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. 18,000 ಅಂದರೆ ಸಣ್ಣ ದುಡ್ಡಲ್ಲ.

ಮೊದಲು ಕೇಬಲ್ ಲೆಕ್ಕ ನೋಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರು ಒಂದು ಕಿಲೋಮೀಟರಿಗೆ ಸುಮಾರು 13 ಓಮ್ ತಡೆ ಒಡ್ಡುತ್ತದೆ. ನಿಮ್ಮ ಎರಡು ಮೀಟರ್ ಕೇಬಲ್‌ನಲ್ಲಿ ಹೋಗುವ ದಾರಿ, ಬರುವ ದಾರಿ ಸೇರಿ ನಾಲ್ಕು ಮೀಟರ್ ವೈರು. ಅಂದರೆ 0.05 ಓಮ್. ಆಂಪ್ಲಿಫೈಯರ್ 200 ವಾಟ್ ಎಳೆಯುತ್ತಿದೆ ಅಂದುಕೊಂಡರೂ ಒಂದು ಆಂಪಿಯರ್ ಹತ್ತಿರ ಕರೆಂಟು. ಕೇಬಲ್‌ನಲ್ಲಿ ಕಳೆದುಹೋಗುವುದು 0.05 ವೋಲ್ಟ್ ಕೂಡ ಇಲ್ಲ. ಎಷ್ಟೇ ದುಬಾರಿ ಕೇಬಲ್ ಹಾಕಿದರೂ ಉಳಿಸಬಹುದಾದದ್ದು ಇಷ್ಟೇ.

ಈಗ ಟ್ರಾನ್ಸ್‌ಫಾರ್ಮರ್‌ನಿಂದ ನಿಮ್ಮ ಮನೆವರೆಗಿನ ದಾರಿ ನೋಡಿ. ಕಂಬದ ಮೇಲೆ ಎಳೆಯುವ, ಲೈನ್‌ಮನ್‌ಗಳು ವೀಸಲ್ ಅನ್ನುವ ಅಲ್ಯೂಮಿನಿಯಂ ತಂತಿ ಕಿಲೋಮೀಟರಿಗೆ ಸುಮಾರು 0.9 ಓಮ್. ಮನೆ ಅರ್ಧ ಕಿಲೋಮೀಟರ್ ದೂರ ಇದ್ದರೆ ಹೋಗಿ ಬರುವ ದಾರಿಯಲ್ಲಿ 0.9 ಓಮ್ ಆಯಿತು. ಎಲ್ಲರ ಮನೆಯ ಮಿಕ್ಸಿ, ಗೀಸರ್, ನೀರಿನ ಮೋಟರ್ ಕರೆಂಟು ಆ ತಂತಿಯಲ್ಲೇ ಓಡಬೇಕು. ಅಲ್ಲಿ ಇಪ್ಪತ್ತು ಮೂವತ್ತು ವೋಲ್ಟ್ ಬಿದ್ದುಹೋಗಿರುತ್ತದೆ. ಸಂಜೆ ಮದ್ದಲೆ ಒಡೆಯುವುದಕ್ಕೆ ಇದೇ ಕಾರಣ ಇರಬೇಕು.

ಹೇಗೆ ಅಂದರೆ, ಆಂಪ್ಲಿಫೈಯರ್ ಗೋಡೆಯ ಕರೆಂಟನ್ನು ಹಾಗೇ ಸ್ಪೀಕರಿಗೆ ಕಳಿಸುವುದಿಲ್ಲ. ಒಳಗೆ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಡಯೋಡುಗಳು ಅದನ್ನು ಡಿಸಿ, ಅಂದರೆ ಒಂದೇ ದಿಕ್ಕಿಗೆ ಓಡುವ ಕರೆಂಟು, ಮಾಡುತ್ತವೆ, ದೊಡ್ಡ ಕೆಪಾಸಿಟರ್‌ಗಳು ಆ ಡಿಸಿಯನ್ನು ಶೇಖರಿಸಿ ಇಟ್ಟುಕೊಳ್ಳುತ್ತವೆ. ಮದ್ದಲೆಯ ಪೆಟ್ಟು ಬಿದ್ದಾಗ ಸ್ಪೀಕರಿಗೆ ಹೋಗುವ ಕರೆಂಟು ಆ ಕೆಪಾಸಿಟರ್‌ನಿಂದ ಬರುತ್ತದೆ. ನಿಮ್ಮ ಊರಿನಲ್ಲಿ ಹಂಡೆ ತುಂಬಿಸಿಟ್ಟು ಚೊಂಬಿನಲ್ಲಿ ಮೊಗೆಯುತ್ತಾರಲ್ಲ, ಹಾಗೆ. ನಲ್ಲಿಯ ಕೊನೆಯ ತುಂಡು ಪೈಪು ಬದಲಿಸಿದರೆ ಚೊಂಬಿನ ನೀರಿನ ರುಚಿ ಬದಲಾಗುವುದಿಲ್ಲ. ಆದರೆ ಹಂಡೆಯೇ ಪೂರ್ತಿ ತುಂಬದಿದ್ದರೆ ಕಷ್ಟ. ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹೆಚ್ಚಿನ ಆಂಪ್ಲಿಫೈಯರ್‌ಗಳಲ್ಲಿ 230 ವೋಲ್ಟ್ ಬದಲು 180 ಬಂದರೆ ಒಳಗಿನ ವೋಲ್ಟೇಜೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಪವರ್ ಮಾತ್ರ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ 50 ವಾಟ್ ಸಂಜೆ ಹೊತ್ತಿಗೆ 30 ವಾಟ್ ಆಗಿರುತ್ತದೆ. ಮೆಲ್ಲಗೆ ಕೇಳಿದರೆ ಗೊತ್ತಾಗುವುದಿಲ್ಲ. ಜೋರಾಗಿ ಇಟ್ಟಾಗ ಪೆಟ್ಟಿನ ತುದಿ ಕತ್ತರಿಸಿಹೋಗುತ್ತದೆ.

ಇದಕ್ಕೆ ಮಾಡಬೇಕಾದದ್ದು: ಎಲೆಕ್ಟ್ರಿಷಿಯನ್‌ನನ್ನು ಸಂಜೆ ಹೊತ್ತಿಗೇ ಕರೆಸಿ ಮೀಟರ್ ಹತ್ತಿರ ಮತ್ತು ಸಾಕೆಟ್ ಹತ್ತಿರ ವೋಲ್ಟ್ ಅಳೆಸಿ. ಎರಡರಲ್ಲೂ ಕಡಿಮೆ ಇದ್ದರೆ ಲೈನಿನ ತೊಂದರೆ. ಲೈನ್‌ಮನ್‌ಗೆ ಹೇಳಿ, ಬರವಣಿಗೆಯಲ್ಲೂ ಕೊಡಿ. ಅದು ಸರಿಹೋಗುವವರೆಗೆ ಒಂದು ಒಳ್ಳೆ ಸ್ಟೆಬಿಲೈಸರ್ ಸಾಕು. ಮೀಟರ್ ಹತ್ತಿರ ಸರಿ ಇದ್ದು ಸಾಕೆಟ್‌ನಲ್ಲಿ ಮಾತ್ರ ಕಡಿಮೆ ಇದ್ದರೆ ಮನೆಯ ವೈರಿಂಗ್‌ನಲ್ಲೇ ಎಲ್ಲೋ ಜಾಯಿಂಟ್ ಸುಟ್ಟಿರಬಹುದು. ಹಾಡಿನ ಮಾತು ಬಿಡಿ, ಅದರಿಂದ ಬೆಂಕಿಯೇ ಹತ್ತಬಹುದು. ಹಂಚಿನ ಮನೆ, ಮರದ ಅಟ್ಟ. ತಡ ಮಾಡಬೇಡಿ.

ಇನ್ನು ಗುಂಯ್ ಶಬ್ದ. ನಾವು ಹಮ್ಮಿಂಗ್ ಅನ್ನುತ್ತೇವೆ. ಇದರಲ್ಲಿ ಎರಡು ಜಾತಿ. ನಮ್ಮ ಕರೆಂಟು 50 ಹರ್ಟ್ಸ್. ತುಂಬಾ ತಗ್ಗಿನ ಗುಂಯ್ ಆದರೆ ಹೊರಗಿನಿಂದ ಸೇರಿಕೊಂಡದ್ದು. ಅದಕ್ಕಿಂತ ಒಂದು ಸ್ಥಾಯಿ ಮೇಲೆ, ದುಂಬಿಯ ಹಾಗೆ ಝುಂಯ್ ಅಂದರೆ ಅದು 100 ಹರ್ಟ್ಸ್. ಡಿಸಿ ಮಾಡಿದ ಮೇಲೆ ಉಳಿಯುವ ಅಲೆ ಅದು. ಹಳೆ ಸೆಟ್ಟಿನಲ್ಲಿ ಫಿಲ್ಟರ್ ಕೆಪಾಸಿಟರ್ ಒಣಗಿದಾಗ ಕೇಳುತ್ತದೆ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗುವುದಿಲ್ಲ. ನಿಮ್ಮದು ವಾಲ್ಯೂಮ್ ಜೊತೆ ಇಳಿಯುತ್ತದೆ, ಡಿಶ್ ಬಾಕ್ಸ್ ಬೇರೆ ಇದೆ. ಮಾಡಿನ ಮೇಲಿನ ಡಿಶ್ ಕಬ್ಬಿಣದ ಪೈಪು ಹಿಡಿದು ನೆಲ ಮುಟ್ಟಿರುತ್ತದೆ. ಆಂಪ್ಲಿಫೈಯರ್ ಮನೆಯ ಅರ್ಥಿಂಗ್ ಮೂಲಕ ನೆಲ ಮುಟ್ಟಿರುತ್ತದೆ. ಎರಡು ಜಾಗದಲ್ಲಿ ನೆಲಕ್ಕೆ ದಾರಿ ಇದ್ದಾಗ ನಡುವಿನ ಆಡಿಯೋ ವೈರಿನಲ್ಲಿ ಸಣ್ಣ ಕರೆಂಟು ಓಡುತ್ತದೆ. ಅದನ್ನೇ ನೀವು ಕೇಳುತ್ತಿರುವುದು. ಬಾಕ್ಸ್‌ನಿಂದ ಡಿಶ್ಶಿನ ಕೇಬಲ್ ಬಿಚ್ಚಿ ನೋಡಿ. ಶಬ್ದ ನಿಂತರೆ ಕಳ್ಳ ಸಿಕ್ಕಿದ ಹಾಗೆ.

ಒಂದು ಮಾತು ದಯವಿಟ್ಟು ನೆನಪಿಡಿ. ಹಮ್ಮಿಂಗ್ ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥ್ ಪಿನ್ ಕತ್ತರಿಸುವವರಿದ್ದಾರೆ, ಎರಡು ಪಿನ್ನಿನ ಅಡಾಪ್ಟರ್ ಹಾಕುವವರಿದ್ದಾರೆ. ಶಬ್ದ ಹೋಗುತ್ತದೆ ನಿಜ. ಆದರೆ ಒಳಗೆ ಎಲ್ಲಾದರೂ ಶಾರ್ಟ್ ಆದ ದಿನ ಆಂಪ್ಲಿಫೈಯರಿನ ತಗಡೇ ಶಾಕ್ ಹೊಡೆಯುತ್ತದೆ. ಮಳೆಗಾಲದ ಒದ್ದೆ ನೆಲ, ಬರಿಗಾಲು. ಯಾರು ಹೇಳಿದರೂ ಮಾಡಬೇಡಿ.

ಮತ್ತೊಬ್ಬ ಸದಸ್ಯರು (ಸಾಗರ):

ಸರ್, ನಿಮ್ಮ ಲೆಕ್ಕ ಒಪ್ಪುತ್ತೇನೆ. ಆದರೆ ನಾನು ಕೇಬಲ್ ಬದಲಿಸಿದ್ದೇನೆ. ತಂಬೂರದ ನಾದ ಹೆಚ್ಚು ತುಂಬಿಕೊಂಡ ಹಾಗೆ ಕೇಳಿಸಿದ್ದು ಸುಳ್ಳಲ್ಲ. ನನ್ನ ಕಿವಿ ನಾನು ನಂಬಬಾರದಾ?

ಉತ್ತರ:

ನಿಮಗೆ ಹಾಗೆ ಕೇಳಿಸಿತು ಅನ್ನುವುದನ್ನು ನಾನು ಪೂರ್ತಿ ನಂಬುತ್ತೇನೆ. ನನಗೂ ಹಾಗೇ ಆಗಿತ್ತು. ಒಬ್ಬ ಗೆಳೆಯ ದುಬಾರಿ ಕೇಬಲ್ ತಂದಿದ್ದ. ಹಾಕಿದ ಕೂಡಲೇ ಇಬ್ಬರಿಗೂ ಧ್ವನಿ ಸ್ವಚ್ಛ ಆಯಿತು ಅನ್ನಿಸಿತು. ಆಮೇಲೆ ಅವನ ಹೆಂಡತಿಗೆ ಒಂದು ಕೆಲಸ ಕೊಟ್ಟೆವು. ನಾವು ಹೊರಗೆ ಜಗಲಿಗೆ ಹೋಗುವುದು. ಅವರು ನಾಣ್ಯ ಚಿಮ್ಮಿ ಯಾವ ಕೇಬಲ್ ಅಂತ ನಿರ್ಧರಿಸಿ ಹಾಕಿ, ಬಟ್ಟೆ ಮುಚ್ಚಿ, ಚೀಟಿಯಲ್ಲಿ ಬರೆದುಕೊಂಡು ಪಕ್ಕದ ಕೋಣೆಗೆ ಹೋಗುವುದು. ನಾವು ಒಳಗೆ ಬಂದು ಅದೇ ಆಲಾಪ ಕೇಳಿ ಯಾವುದು ಅಂತ ಬರೆಯುವುದು. ಹತ್ತು ಸಲ ಮಾಡಿದೆವು. ನನ್ನದು ಐದು ಸರಿ, ಅವನದು ನಾಲ್ಕು.

ಕಿವಿ ಸುಳ್ಳು ಹೇಳುವುದಿಲ್ಲ. ಆದರೆ ಕಣ್ಣು ಕಂಡದ್ದು, ಕೊಟ್ಟ ಬೆಲೆ, ಇಟ್ಟ ಆಸೆ ಎಲ್ಲ ಸೇರಿಯೇ ಮನಸ್ಸು ಕೇಳುವುದು. ಹೊಸದು ಹಾಕಿದಾಗ ನಾವು ಜಾಸ್ತಿ ಗಮನ ಕೊಟ್ಟು ಕೇಳುತ್ತೇವೆ. ಮೊದಲೂ ಇದ್ದ ತಂಬೂರ ಆಗ ಕಿವಿಗೆ ಬೀಳುತ್ತದೆ. ನೀವೂ ಹೀಗೆ ಮಾಡಿ ನೋಡಿ. ಸುಮ್ನೆ ಊಹಿಸಿದರೆ ಹತ್ತರಲ್ಲಿ ಒಂಬತ್ತು ಅಥವಾ ಹತ್ತೂ ಸರಿ ಬರುವುದು ನೂರಕ್ಕೆ ಒಂದು ಸಲ. ನಿಮಗೆ ಒಂಬತ್ತು ಬಂದರೆ ಇಲ್ಲಿ ಬರೆಯಿರಿ. ನಾನೇ ಸಾಗರಕ್ಕೆ ಬಂದು ಕೇಳುತ್ತೇನೆ.

ಒಂದು ಸಂದರ್ಭ ಮಾತ್ರ ಬೇರೆ. ಹಳೆ ಕೇಬಲ್‌ನ ಪ್ಲಗ್ ಸಡಿಲ ಇದ್ದು ಚಟಪಟ ಅನ್ನುತ್ತಿದ್ದರೆ ಹೊಸದು ಹಾಕಿದಾಗ ನಿಜಕ್ಕೂ ಸುಧಾರಿಸುತ್ತದೆ. ಅದಕ್ಕೆ ಐಎಸ್‌ಐ ಗುರುತಿನ ಸಾದಾ ಕೇಬಲ್ ಸಾಕು, ಸಾಕೆಟ್ ಬಿಗಿಯಾಗಿರಬೇಕು ಅಷ್ಟೇ.

ಇನ್ನೊಬ್ಬ ಸದಸ್ಯರು (ಕೊಪ್ಪ):

ನಮ್ಮಲ್ಲಿ ಇನ್ವರ್ಟರ್ ಮೇಲೆ ಹಾಕಿದರೆ ಮಾತ್ರ ಝುಂಯ್ ಅನ್ನುತ್ತದೆ. ಕಂಡಿಷನರ್ ಹಾಕಬೇಕಾ?

ಉತ್ತರ:

ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬೇಕು. ಅದರ ಕರೆಂಟಿನ ಅಲೆ ಚೌಕದ ಆಕಾರ, ಲೈನಿನ ಕರೆಂಟಿನ (ಸೈನ್ ವೇವ್) ಹಾಗೆ ದುಂಡಗೆ ಇರುವುದಿಲ್ಲ, ಅದಕ್ಕೇ ಝುಂಯ್. ಬ್ಯಾಟರಿ ಹಾಗೇ ಇಟ್ಟುಕೊಂಡು ಸೈನ್ ವೇವ್ ಇನ್ವರ್ಟರ್ ಹಾಕಿ. ಕಂಡಿಷನರ್ ಒಳಗೆ ಇರುವುದು ಹೆಚ್ಚಾಗಿ ಸಣ್ಣ ಫಿಲ್ಟರ್. ಅದು ಮೇಲಿನ ಕಂಪನಾಂಕದ ಗದ್ದಲ ತಡೆಯುತ್ತದೆ, ಚೌಕದ ಅಲೆಯನ್ನು ದುಂಡಗೆ ಮಾಡಲಾರದು.

ಮನೆಯಲ್ಲಿ ಗದ್ದಲ ಮಾಡುವ ವಸ್ತು ಯಾವುದು ಅಂತ ಹುಡುಕಲು ಕಂಡಿಷನರಿಗಿಂತ ಒಂದು ಹಳೆ ಪಾಕೆಟ್ ರೇಡಿಯೋ ಒಳ್ಳೆಯದು. ಮೀಡಿಯಂ ವೇವ್‌ನಲ್ಲಿ ಭದ್ರಾವತಿ ಆಕಾಶವಾಣಿ, 675 ಕಿಲೋಹರ್ಟ್ಸ್‌ನ ಆಚೀಚೆ ಖಾಲಿ ಜಾಗಕ್ಕೆ ತಿರುಗಿಸಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಫ್ಯಾನ್ ರೆಗ್ಯುಲೇಟರ್ ಹತ್ತಿರ ಒಂದೊಂದಾಗಿ ಹಿಡಿಯಿರಿ. ಎಲ್ಲಿ ಗರಗರ ಜೋರಾಗುತ್ತದೋ ಅದನ್ನು ಬದಲಿಸಿ, ಇಲ್ಲವೇ ಬೇರೆ ಸಾಕೆಟ್‌ಗೆ ಹಾಕಿ.

ಸದಸ್ಯೆಯೊಬ್ಬರು (ಹೊಸನಗರ):

ಅಣ್ಣ, ಸಿಡಿಲಿಗೆ ಈ ದುಬಾರಿ ಎಕ್ಸ್‌ಟೆನ್ಷನ್ ಬೋರ್ಡು ರಕ್ಷಣೆ ಕೊಡುತ್ತದಾ? ಹೋದ ಮೇ ತಿಂಗಳಲ್ಲಿ ನಮ್ಮ ಟಿವಿ, ಮೋಡೆಮ್ ಎರಡೂ ಹೋದವು.

ಉತ್ತರ:

ಅಕ್ಕ, ಪೂರ್ತಿ ಕೊಡುವುದಿಲ್ಲ. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಆದರೆ ಅದು ಹೆಚ್ಚಿನ ವೋಲ್ಟೇಜನ್ನು ನೆಲಕ್ಕೆ ಇಳಿಸುವ ಸಾಧನ. ಅರ್ಥಿಂಗ್ ಚೆನ್ನಾಗಿಲ್ಲದಿದ್ದರೆ ಪೂರ್ತಿ ಕೆಲಸ ಮಾಡುವುದಿಲ್ಲ. ನಮ್ಮದು ಜಂಬಿಟ್ಟಿಗೆ ಮಣ್ಣು. ಮಳೆಗಾಲದಲ್ಲಿ ಅರ್ಥಿಂಗ್ ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಹೊತ್ತಿಗೆ ಮಣ್ಣು ಒಣಗಿ ಗಟ್ಟಿಯಾಗಿ ಅರ್ಥಿಂಗ್ ಕೆಡುತ್ತದೆ. ಸಿಡಿಲು ಬರುವುದೂ ಆಗಲೇ ಅಲ್ವಾ. ಬೇಸಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೆ ಎರಡು ಕೊಡ ನೀರು ಹಾಕಿ. ಮೋಡ ಕಪ್ಪಾದ ಕೂಡಲೇ ಪ್ಲಗ್ ಕೀಳಿ, ಡಿಶ್ಶಿನ ವೈರು ಮತ್ತು ಟೆಲಿಫೋನ್ ವೈರು ಕೂಡ ಬಿಚ್ಚಿ. ಹಲವು ಮನೆಗಳಲ್ಲಿ ಪ್ಲಗ್ ಕಿತ್ತಿದ್ದರೂ ಆ ವೈರಿನಿಂದ ಬಂದು ಸುಟ್ಟದ್ದನ್ನು ರಿಪೇರಿಗೆ ತಂದಿದ್ದಾರೆ. ಗುಡುಗು ಶುರುವಾದ ಮೇಲೆ ಬಿಚ್ಚಲು ಹೋಗಬೇಡಿ. ಸೆಟ್ಟಿಗಿಂತ ಜೀವ ದೊಡ್ಡದು.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):

ಸರ್, ಡಿಶ್ಶಿನ ಕೇಬಲ್ ಬಿಚ್ಚಿದ ಕೂಡಲೇ ಗುಂಯ್ ನಿಂತಿತು! ಮನೆಯವರನ್ನೆಲ್ಲ ಕರೆದು ತೋರಿಸಿದೆ. ನಿನ್ನೆ ಸಂಜೆ ಎಲೆಕ್ಟ್ರಿಷಿಯನ್ ಬಂದಿದ್ದರು. ಮೀಟರ್ ಹತ್ತಿರ 204, ಸಾಕೆಟ್‌ನಲ್ಲಿ 182. ಮೇನ್ ಸ್ವಿಚ್ಚಿನಲ್ಲಿ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವೈರು) ತುದಿ ಸುಟ್ಟು ಕಪ್ಪಾಗಿತ್ತು. ಕತ್ತರಿಸಿ ಹೊಸದಾಗಿ ಬಿಗಿದರು. ಈಗ ಸಾಕೆಟ್‌ನಲ್ಲೂ 202 ಬರುತ್ತಿದೆ. ರಾತ್ರಿ ಮದ್ದಲೆ ಕೇಳಿದೆ, ಒಡೆಯಲಿಲ್ಲ. ಸಾಮಾನು, ಕೂಲಿ ಸೇರಿ 650 ರೂಪಾಯಿ ಆಯಿತು. ಆದರೆ ಟಿವಿ ಶಬ್ದವೂ ಆಂಪ್ಲಿಫೈಯರ್‌ನಲ್ಲೇ ಬೇಕು. ಡಿಶ್ ಬಿಚ್ಚಿ ಕೂರುವುದಕ್ಕೆ ಆಗುವುದಿಲ್ಲವಲ್ಲ?

ಉತ್ತರ:

ಬಹಳ ಸಂತೋಷ ಆಯಿತು ಮಾರಾಯ್ರೇ. ಆ ನ್ಯೂಟ್ರಲ್ ಸಿಕ್ಕಿದ್ದು ದೊಡ್ಡದು. 204 ಕೂಡ ಕಡಿಮೆಯೇ, ಲೈನ್‌ಮನ್‌ಗೆ ಹೇಳುವುದನ್ನು ಬಿಡಬೇಡಿ.

ಟಿವಿಯ ಹಿಂದೆ ಆಪ್ಟಿಕಲ್ ಅಂತ ಬರೆದ ಚೌಕದ ರಂಧ್ರ ಇದೆಯಾ ನೋಡಿ. ಆಂಪ್ಲಿಫೈಯರ್‌ನಲ್ಲೂ ಇದ್ದರೆ ಒಂದು ಸಾದಾ ಆಪ್ಟಿಕಲ್ ಕೇಬಲ್ ತನ್ನಿ. ಡಿಶ್ ಬಾಕ್ಸ್‌ನಿಂದ ಆಂಪ್ಲಿಫೈಯರ್‌ಗೆ ಬರುವ ವೈರು, ಟಿವಿಯಿಂದ ಬರುವ ವೈರು ಎರಡನ್ನೂ ತೆಗೆದು ಇದೊಂದನ್ನೇ ಹಾಕಿ. ಅದರಲ್ಲಿ ಹೋಗುವುದು ಬೆಳಕು, ಕರೆಂಟು ಅಲ್ಲ. ಹಾಗಾಗಿ ಡಿಶ್ಶಿನ ಹಮ್ಮಿಂಗ್ ದಾಟಿ ಬರಲು ದಾರಿಯೇ ಇರುವುದಿಲ್ಲ. ಹಾಕಿದ ಮೇಲೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಪಿಸಿಎಂ (ಸಾದಾ ಡಿಜಿಟಲ್ ಧ್ವನಿ) ಅಂತ ಇಡಿ. ಇಲ್ಲದಿದ್ದರೆ ಸ್ಟೀರಿಯೋ ಆಂಪ್ಲಿಫೈಯರ್‌ನಲ್ಲಿ ಕೆಲವು ಚಾನೆಲ್‌ಗಳ ಶಬ್ದವೇ ಬರುವುದಿಲ್ಲ.