ಅಪ್‌ಡೇಟ್: ಜ್ವರ ಬಿಟ್ಟ ಮೇಲೆ ನಾಯಿಯ ದವಡೆ ಅದುರುತ್ತಿದ್ದುದಕ್ಕೆ ಕಾರಣ ಡಿಸ್ಟೆಂಪರ್

ನಾಲ್ಕು ವರ್ಷದ, 18 ಕೆಜಿ ನಾಯಿಗೆ ಜ್ವರ, ಮೂಗು ಸೋರುವುದು ನಿಂತು ಐದು ವಾರವಾದ ಮೇಲೆ ದವಡೆ ಮತ್ತು ಬಲ ಮುಂಗಾಲು ಅದುರತೊಡಗಿದ್ದು ಏಕೆ ಎಂದು ಕೇಳಿದ್ದೆ. ಉತ್ತರ ಸಿಕ್ಕಿದೆ, ಡಿಸ್ಟೆಂಪರೇ, ಅಂದರೆ ನಾಯಿಗಳಿಗೆ ವೈರಸ್‌ನಿಂದ ಬರುವ ಅಂಟುರೋಗ.

ಕಣ್ಣಿನ ಸ್ವಾಬ್‌ನ ಪಿಸಿಆರ್ (ವೈರಸ್ ಇದೆಯೇ ಎಂದು ನೋಡುವ ಪರೀಕ್ಷೆ) ನೆಗೆಟಿವ್ ಬಂತು, ಮೂತ್ರದ್ದು ಪಾಸಿಟಿವ್. ರೋಗ ಮಿದುಳಿಗೆ ಇಳಿಯುವ ಹೊತ್ತಿಗೆ ಕಣ್ಣು, ಮೂಗಿನಲ್ಲಿ ವೈರಸ್ ಸಿಗದೇ ಹೋಗಬಹುದು. ದಯವಿಟ್ಟು ಸ್ವಾಬ್ ಒಂದನ್ನೇ ನಂಬಬೇಡಿ. ಇತ್ತೀಚೆಗೆ ಡಿಸ್ಟೆಂಪರ್ ಲಸಿಕೆ ಹಾಕಿಸಿದ್ದರೆ ವೈದ್ಯರಿಗೆ ತಾರೀಖು ಹೇಳಿ, ಲಸಿಕೆಯ ವೈರಸ್ಸೂ ಪಾಸಿಟಿವ್ ತೋರಿಸಬಹುದು.

ನಿದ್ದೆಯಲ್ಲೂ ಒಂದೇ ಲಯದಲ್ಲಿ ನಡೆಯುವ ಅದುರು ಮಯೋಕ್ಲೋನಸ್. ಅದು ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ, ಬದುಕಿದ ನಾಯಿಗಳಲ್ಲೂ ಉಳಿದುಬಿಡಬಹುದು. ಚೂಯಿಂಗ್ ಗಮ್ ಜಗಿದಂತೆ ಬಾಯಾಡಿಸಿ, ಜೊಲ್ಲು ಸುರಿಸಿ, ಕರೆದರೂ ಓಗೊಡದಿದ್ದರೆ ಅದು ಫಿಟ್ಸ್. ಎರಡನ್ನೂ ವಿಡಿಯೊ ಮಾಡಿ ತೋರಿಸಿದ್ದರಿಂದಲೇ ವೈದ್ಯರಿಗೆ ವ್ಯತ್ಯಾಸ ತಿಳಿಯಿತು.

ಫಿಟ್ಸ್‌ಗೆ ಫಿನೋಬಾರ್ಬಿಟಾಲ್ ಕೊಟ್ಟಿದ್ದಾರೆ: ಕೆಜಿಗೆ 2.5 ಮಿ.ಗ್ರಾಂ ಲೆಕ್ಕದಲ್ಲಿ 45 ಮಿ.ಗ್ರಾಂ, 12 ಗಂಟೆಗೊಮ್ಮೆ. ಎರಡು ವಾರದ ನಂತರ ರಕ್ತದಲ್ಲಿ ಔಷಧಿಯ ಮಟ್ಟ ನೋಡಬೇಕು. ಶುರುವಿನಲ್ಲಿ ಮಂಪರು, ತೂರಾಟ, ವಿಪರೀತ ಹಸಿವು ಸಹಜ. ಹೆದರಿ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗುತ್ತದೆ. 5 ನಿಮಿಷ ದಾಟಿದರೆ ಕಾಯದೆ ಆಸ್ಪತ್ರೆಗೆ ಒಯ್ಯಿರಿ.

ರೇಬೀಸ್ ಲಸಿಕೆಯ ದಾಖಲೆಯಿಲ್ಲದ ನಾಯಿಯಲ್ಲಿ ಇವೇ ಲಕ್ಷಣ ಕಂಡರೆ ಬಾಯಿಯ ಹತ್ತಿರ ಕೈ ಒಯ್ಯಲೇಬೇಡಿ. ಮೊದಲು ರೇಬೀಸ್ ಎಂದೇ ಎಣಿಸಿ.

ಮೂತ್ರದಲ್ಲಿ ವೈರಸ್ ಇನ್ನೂ ಇರುವುದರಿಂದ ಬೇರೆ ನಾಯಿಗಳಿಂದ ದೂರವೇ ಇಟ್ಟಿದ್ದೇವೆ.