ಮೈದನಹಳ್ಳಿ ಹುಲ್ಲುಗಾವಲಿನ ಜೀವಿಗಳ ದಾಖಲೆ: ಇ-ಬರ್ಡಾ, ಐ-ನ್ಯಾಚುರಲಿಸ್ಟಾ?

ಕೇಳಿದವರು, ನಿವೃತ್ತ ಮೇಷ್ಟ್ರು: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ನಮ್ಮೂರ ಪಕ್ಕದಲ್ಲೇ ಇದೆ. ಊರವರು, ಹೈಸ್ಕೂಲ್ ಮಕ್ಕಳು ಸೇರಿ ವರ್ಷವಿಡೀ ಹಕ್ಕಿ, ಹುಳ ದಾಖಲಿಸೋಣ ಅಂತಿದ್ದೀವಿ. ಯಾವ ಆ್ಯಪ್? ಬೈನಾಕ್ಯುಲರ್ ಸಾಕಾ, ಕ್ಯಾಮೆರಾನೂ ಬೇಕಾ?

ಲೆನ್ಸ್ ಸಾಲಗಾರ: ಇ-ಬರ್ಡ್, ಕಂಡ ಹಕ್ಕಿಗಳ ಪಟ್ಟಿ ಹಾಕೋ ಆ್ಯಪ್. ಅದರಲ್ಲಿ ಮಾತೇ ಇಲ್ಲ. ಆದ್ರೆ ಫೋಟೋ ಇಲ್ಲದಿದ್ರೆ ಯಾರೂ ನಂಬಲ್ಲ. ಸೆಕೆಂಡ್ ಹ್ಯಾಂಡ್ ಲೆನ್ಸಿಗೆ 62,000 ಸುರಿದೆ. ಒಂದೇ ಮಳೆಗಾಲಕ್ಕೆ ಒಳಗೆ ಬೂಷ್ಟು. ಕ್ಲೀನ್ ಮಾಡೋಕೆ 9,500 ಕಿತ್ಕೊಂಡ್ರು, ಜೊತೆಗೆ ಕೋಟಿಂಗನ್ನೂ ಕೆರೆದು ಕೊಟ್ರು. ಆಮೇಲೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವಾಂಶದ ಮೀಟರು, ಎಲ್ಲ ಬೇರೆ ಖರ್ಚು. ಇಷ್ಟಾಗಿ ಚಳಿಗಾಲದಲ್ಲಿ ಬಿಳಿ ಸೆಳೆವದ (ಪ್ಯಾಲಿಡ್ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ) ಎಳೆ ಹಕ್ಕಿ ಸಿಕ್ತು, ಕತ್ತಿನ ಸುತ್ತ ತಿಳಿ ಪಟ್ಟಿ ಎದ್ದು ಕಾಣ್ತಿದೆ. ಇ-ಬರ್ಡಿನ ದಾಖಲೆ ನೋಡೋ ಪರಿಶೀಲಕ ಮಹಾಶಯರು ‘ಖಚಿತವಿಲ್ಲ’ ಅಂದ್ರು!

ಪರಿಶೀಲಕ ಮಹಾಶಯ (ಬೇರೆ ಜಿಲ್ಲೆ): ನಮಗೇನು ಸಂಬಳ ಬರುತ್ತಾ ಸ್ವಾಮಿ? ಮಾಂಟೆಗೂ ಸೆಳೆವದ ಎಳೆ ಹಕ್ಕಿಯಿಂದ ಅದನ್ನ ಬೇರ್ಪಡಿಸೋಕೆ ಮಬ್ಬು ಫೋಟೋ ಸಾಲಲ್ಲ. ಒಂದು ಹದ್ದಿನ ಹಿಂದೆ ಓಡಿ, ಉಳಿದ ಎಲ್ಲಕ್ಕೂ ಎಣಿಸದೆ ‘ಎಕ್ಸ್’ ಒತ್ತೋ ಜನ ನೀವು. 15 ನಿಮಿಷ ನಿಂತು ಟಿಟ್ಟಿಭ, ನೆಲಗುಬ್ಬಿ ಎಣಿಸಿದ ಪೂರ್ಣ ಪಟ್ಟಿ ನಿಮ್ಮ ಸೆಳೆವಕ್ಕಿಂತ ಬೆಲೆಬಾಳುತ್ತೆ.

ಲೆನ್ಸ್ ಸಾಲಗಾರ: ಸೆಳೆವವನ್ನ ಹದ್ದು ಅಂದವರು ಪರಿಶೀಲಕರು. ಕೈ ಮುಗಿದೆ.

ಪತಂಗದಕ್ಕ: ಹಕ್ಕಿ ಬಿಟ್ಟು ಪ್ರಪಂಚವೇ ಇಲ್ವಾ? ನಾನು ಬಳಸೋದು ಐ-ನ್ಯಾಚುರಲಿಸ್ಟ್, ಎಲ್ಲ ಜೀವಿಗಳ ಫೋಟೋ ಹಾಕಿ ಗುರುತಿಸೋ ಆ್ಯಪ್. ರಾತ್ರಿ ಮೀಸಲಿನೊಳಗೆ ಬಿಡಲ್ಲ, ಹಾಗಾಗಿ ಪತಂಗ ಸೆಳೆಯೋಕೆ ಪಕ್ಕದ ತೋಟದಲ್ಲೇ ಬಿಳಿ ಪಂಚೆ ಕಟ್ಟಿ ಯುವಿ ಬಲ್ಬ್ ಹಚ್ತೀನಿ. ಬಲ್ಬು ಅಗ್ಗ, ಬ್ಯಾಟರಿ 4,200, ಅದೂ ಬೇಸಿಗೆ ಕಳೆಯೋದ್ರೊಳಗೆ ಉಬ್ಬಿತು. ಮೊದಲ ಮಳೆ ಬಿದ್ದ ರಾತ್ರಿ ಪಂಚೆ ತುಂಬ ಈಸಲು, ಪತಂಗ ಕೂರೋಕೆ ಜಾಗವಿಲ್ಲ. ಬೆಳಗಾಗೋ ಮುಂಚೆ ಇರುವೆ ಬಂದು ಇದ್ದಬದ್ದದ್ದನ್ನೂ ಹೊತ್ಕೊಂಡು ಹೋದ್ವು. ಹಾಕಿದ ಫೋಟೋಗಳಲ್ಲಿ ಅರ್ಧ ಇನ್ನೂ ‘ಜಿಯೋಮೆಟ್ರಿಡೇ’ ಅಂತ ಕುಟುಂಬದ ಹೆಸರಲ್ಲೇ ನಿಂತಿವೆ. ಗುರುತಿಸೋರು ಎಲ್ಲಿದ್ದಾರೆ? ಎಲ್ಲ ಸೆಳೆವದ ಹಿಂದೆ.

ಶೇಂಗಾ ಬೆಳೆಗಾರ: ನಿಮ್ಮ ಆ್ಯಪ್ ಜಗಳ ಆಮೇಲೆ. ಮೀಸಲು 798 ಎಕರೆ ಅಷ್ಟೇ ಇರೋದು, ಜಿಂಕೆ ನಮ್ಮ ಹೊಲಕ್ಕೇ ಬರುತ್ತೆ. ನೀವು ಆ್ಯಪಲ್ಲಿ ಹಕ್ಕಿ ಕಂಡ ಜಾಗ ಹಾಕಿದ ಮಾರನೇ ಭಾನುವಾರ ಕಾರುಗಳು ಹುಲ್ಲಿನ ಮೇಲೇ ಹರಿದ್ವು. ನೆಲಗುಬ್ಬಿ ಗೂಡು ಇರೋದು ನೆಲದಲ್ಲಿ, ಗೊತ್ತಲ್ವಾ? ಬೆಳೆ ಹೋಗಿದ್ದಕ್ಕೆ ಅರ್ಜಿ ಕೊಟ್ಟು ಅಲೆದಲೆದು ಸಾಕಾಯ್ತು. ಜಿಂಕೆ ಎಣಿಸೋಕೆ ಮಾತ್ರ ಜನವೋ ಜನ.

ಪತಂಗದಕ್ಕ: ಅಪಾಯದ ಪಟ್ಟಿಯ ಜೀವಿಗಳ ಜಾಗವನ್ನ ಐ-ನ್ಯಾಚುರಲಿಸ್ಟ್ ತಾನೇ ಮಸುಕು ಮಾಡುತ್ತೆ.

ಶೇಂಗಾ ಬೆಳೆಗಾರ: ನೆಲಗುಬ್ಬಿ ಆ ಪಟ್ಟಿಲಿದೆಯಾ?

ಪತಂಗದಕ್ಕ: ಇಲ್ಲ. ಅದಕ್ಕೆ ನಾವೇ ‘ಮಸುಕು’ ಒತ್ತಬೇಕು. ಲೆನ್ಸಿನೋರು ಒತ್ತಲ್ಲ.

ಲೆನ್ಸ್ ಸಾಲಗಾರ: ನನ್ನ ಹತ್ರ ಕಾರೇ ಇಲ್ಲಮ್ಮ! ಲೆನ್ಸಿನ ಕಂತೇ ಮುಗಿದಿಲ್ಲ.

ನಿವೃತ್ತ ಮೇಷ್ಟ್ರು: ಬೈನಾಕ್ಯುಲರ್ 8×42 ಸಾಕಾ ಅಂತ ಯಾರಾದ್ರೂ ಹೇಳ್ತೀರಾ?

ಪರಿಶೀಲಕ ಮಹಾಶಯ: ಸಾಕು. ಸೆಳೆವದ ಮೂಲ ಫೋಟೋ ಕ್ರಾಪ್ ಮಾಡದೆ ಕಳಿಸಿ, ಇನ್ನೊಮ್ಮೆ ನೋಡ್ತೀನಿ. ಮಾತು ಕೊಡ್ತಿಲ್ಲ.